ಪೇಡೆ ಡಬ್ಬಿಯಲ್ಲಿ ಬಂದ ಗ್ರೀನ್ ಕಾರ್ಡ್

ಫುಲರ್ಟನ್ ನಿಲ್ದಾಣದಲ್ಲಿ ನಾವು ರೈಲು ಹತ್ತಿದಾಗ ಬೆಳಿಗ್ಗೆ ಏಳೂವರೆ. ಸ್ಯಾನ್ ಡಿಯಾಗೊಗೆ ಅಲ್ಲಿಂದ ನೂರು ಮೈಲಿ, ಎರಡೂವರೆ ಗಂಟೆ, ಒಬ್ಬರಿಗೆ ಮೂವತ್ತು ಡಾಲರಿನಷ್ಟು ಟಿಕೆಟ್ಟು. ಕಾರಿನಲ್ಲಿ ಹೋದರೆ ಅರ್ಧ ಖರ್ಚಿನಲ್ಲಿ ಮುಗಿಯುತ್ತದೆ ಎಂದು ನಾನು ಹಿಂದಿನ ದಿನ ವಾದಿಸಿದ್ದೆ. ಗಿರಿಜತ್ತೆ ಒಪ್ಪಿರಲಿಲ್ಲ.

"ಈ ದೇಶದ ಪ್ರಜೆ ಆಗಾಕ ಹೊಂಟೇನಿ. ಟ್ರಾಫಿಕ್‌ನ್ಯಾಗ ಹಾರ್ನ್ ಕೇಳ್ಕೋತ ಹೋಗೂದಿಲ್ಲ. ಸಮುದ್ರ ನೋಡ್ಕೋತ ಹೋಗೂಣು."

ಗಿರಿಜತ್ತೆ ನನ್ನ ತಂದೆಯ ತಂಗಿ. ಬಾಗಲಕೋಟೆಯವರು. ಸ್ಯಾನ್ ಡಿಯಾಗೊದಲ್ಲಿ ವೈದ್ಯಕೀಯ ಉಪಕರಣ ತಯಾರಿಸುವ ಕಂಪನಿಯಲ್ಲಿ ಟೆಸ್ಟಿಂಗ್ ಎಂಜಿನಿಯರ್. ಈ ದೇಶಕ್ಕೆ ಬಂದು ಹತ್ತೊಂಬತ್ತು ವರ್ಷ. ಅದರಲ್ಲಿ ಹನ್ನೆರಡು ವರ್ಷ ಗ್ರೀನ್ ಕಾರ್ಡಿನ ಸಾಲಿನಲ್ಲಿಯೇ ಕಳೆದಿತ್ತು. ಅಂದು, 2025ರ ಅಕ್ಟೋಬರ್ ಕೊನೆಯ ಒಂದು ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ ಅವರು ಪೌರತ್ವದ ಪ್ರಮಾಣವಚನ ಸ್ವೀಕರಿಸಬೇಕಿತ್ತು. ಅವರ ಗಂಡ, ಅಂದರೆ ನನ್ನ ಮಾಮ, ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರಿಂದ ದೀಪಾವಳಿಗೆ ನನ್ನ ಬಳಿ, ಲಾಸ್ ಏಂಜಲೀಸಿನ ಹೊರವಲಯದ ಆರ್ಟೀಸಿಯಾಕ್ಕೆ ಬಂದು, ಅಲ್ಲಿಂದಲೇ ನೇರವಾಗಿ ಸಮಾರಂಭಕ್ಕೆ ಹೊರಟಿದ್ದರು. ಜೊತೆಗೆ ನಾನು.

ನಾನು ಲಾಸ್ ಏಂಜಲೀಸಿನಲ್ಲಿ ಎಂ.ಎ. ಓದುತ್ತಿರುವವಳು. ಅದಕ್ಕೂ ಮೊದಲು ಹುಬ್ಬಳ್ಳಿಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಯ ತಂಡದಲ್ಲಿದ್ದೆ. ಚೀಟಿಯಲ್ಲಿ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಎರಡನ್ನೂ ಅಷ್ಟೇ ಜೋರಾಗಿ ಮಾತಾಡಿ ಕಪ್ ಗೆದ್ದು ತಂದದ್ದುಂಟು. ಅಂದು ರೈಲಿನಲ್ಲಿ ನಾನು ಎತ್ತಿಕೊಂಡ ವಿಷಯ: ಪೌರತ್ವದ ಕಾಗದ ಕೈಗೆ ಬಂದ ಮಾತ್ರಕ್ಕೆ ಭಯ ಹೋಗುವುದಿಲ್ಲ. ದಾರಿಯಲ್ಲಿ ನಿಲ್ಲಿಸುವವನು ಮೊದಲು ನೋಡುವುದು ಮೈಬಣ್ಣ, ಆಮೇಲೆ ಕಾಗದ. ಅತ್ತೆ ಅನಾಹೈಮ್ ಬರುವ ತನಕ ಕೇಳಿದರು. ಆಮೇಲೆ ಡಬ್ಬಿ ತೆರೆದು ಚಪಾತಿ-ಶೇಂಗಾ ಚಟ್ನಿ ಕೊಟ್ಟರು. ಬಾಯಿ ಮುಚ್ಚಿಸಲು ಅವರಿಗೆ ಗೊತ್ತಿರುವ ಉಪಾಯ ಅದೊಂದೇ, ಮತ್ತು ಅದು ಎಂದೂ ಸೋತಿಲ್ಲ.

ಹಿಂದಿನ ಸಂಜೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಅತ್ತೆ ನನ್ನ ಅಡುಗೆಮನೆಯ ದೇವರ ಗೂಡಿನಲ್ಲಿ ಬನಶಂಕರಿಯ ಫೋಟೋದ ಮುಂದೆ ಪ್ರಮಾಣವಚನದ ಪತ್ರವಿದ್ದ ಲಕೋಟೆ ಇಟ್ಟು, ಗ್ರೀನ್ ಕಾರ್ಡನ್ನು ಹೊರಗೆ ತೆಗೆದು, ಅದಕ್ಕೆ ಅರಿಷಿಣ-ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿದ್ದರು. ನಮ್ಮ ಕಡೆ ಹೊಸ ಸೈಕಲ್ಲಿಗೆ, ಹೊಲದ ಪತ್ರಕ್ಕೆ, ಪರೀಕ್ಷೆಯ ಹಾಲ್ ಟಿಕೆಟ್ಟಿಗೆ ಮಾಡುವುದನ್ನೇ ಅಮೆರಿಕದ ಕಾರ್ಡಿಗೂ ಮಾಡಿದ್ದರು. ಆಗ ಚಹಾಕ್ಕೆಂದು ಬಂದಿದ್ದ ಲೂಪೆ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

ಲೂಪೆ ಮೆಕ್ಸಿಕೊದವಳು. ನಮ್ಮೂರಿನ ಇಂಡಿಯನ್ ಅಂಗಡಿಗಳ ಬೀದಿಯಾದ ಪಯೋನಿಯರ್ ಬೊಲೆವಾರ್ಡಿನ ಮಿಠಾಯಿ ಅಂಗಡಿಯೊಂದರ ಅಡುಗೆಕೋಣೆಯಲ್ಲಿ ಹದಿನಾಲ್ಕು ವರ್ಷದಿಂದ ಜಿಲೇಬಿ ಬಿಡುತ್ತಾಳೆ. ನಮ್ಮ ಜನ ಹಬ್ಬಕ್ಕೆ ಸಾಲು ನಿಂತು ಕೊಳ್ಳುವ ಮೈಸೂರುಪಾಕನ್ನು ಹದ ಮಾಡುವ ಕೈ ಅವಳದು. ಸೆಮಿಸ್ಟರ್ ರಜೆಯಲ್ಲಿ ನನ್ನ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಾಳೆಂದು ಮನೆಯ ಇನ್ನೊಂದು ಕೀ ಅವಳ ಬಳಿಯೇ ಇದೆ. ಅವಳ ಕಾಗದಪತ್ರದ ವಿಚಾರ ನಾನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಊರಿನ ಕಾರು ತೊಳೆಯುವ ಜಾಗಗಳಲ್ಲಿ, ಕೂಲಿಯವರು ಕಾದು ನಿಲ್ಲುವ ಪಾರ್ಕಿಂಗ್ ಲಾಟುಗಳಲ್ಲಿ ಮುಖವಾಡ ಹಾಕಿದ ವಲಸೆ ಇಲಾಖೆಯವರು ಕಾಗದಪತ್ರವಿಲ್ಲದವರೆಂದು ಜನರನ್ನು ಹಿಡಿದು ಒಯ್ಯತೊಡಗಿದ ಮೇಲೆ ಲೂಪೆ ರಸ್ತೆಗೆ ಕಾಲಿಟ್ಟಿರಲಿಲ್ಲ. ಅಂಗಡಿಯ ಮಾಲೀಕರೇ ಕಾರಿನಲ್ಲಿ ಕರೆತಂದು ಹಿಂಬಾಗಿಲಲ್ಲಿ ಇಳಿಸುತ್ತಿದ್ದರು. ಆ ಸಂಜೆಯೂ ನಾನು ಕಾರಿನಲ್ಲೇ ಕರೆದುಕೊಂಡು ಬಂದಿದ್ದೆ.

"ದೀದಿ, ಹೀಗೆ ಮಾಡಿದರೆ ಕೆಲಸ ಆಗುತ್ತದೆಯೇ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು. ಅತ್ತೆಯನ್ನು ದೀದಿ ಎನ್ನುವುದು ಅಂಗಡಿಯಲ್ಲಿ ಕಲಿತದ್ದು.

ನಾನು ಆಗುವುದಿಲ್ಲ ಎಂದೆ. ಅತ್ತೆ ಒಂದು ನಿಯಮ ಮಾತ್ರ ಹೇಳಿದರು: ಇಟ್ಟ ಕೈಯೇ ಎತ್ತಬೇಕು, ಅದೂ ಮರುದಿನ ದೀಪ ಹಚ್ಚಿದ ಮೇಲೆ.

ಬೆಳಿಗ್ಗೆ ತಡವಾಗಿತ್ತು. ಅತ್ತೆ ಸೀರೆಯ ನೆರಿಗೆ ಹಿಡಿಯುತ್ತಿದ್ದರು. ನಾನೇ ಗೂಡಿನಿಂದ ಲಕೋಟೆ ಎತ್ತಿ ಚೀಲಕ್ಕೆ ತುರುಕಿ, "ಅತ್ತಿ, ಎಲ್ಲಾ ತಗೊಂಡೀನಿ, ನಡೀರಿ" ಎಂದಿದ್ದೆ.

ಸ್ಯಾನ್ ಹುವಾನ್ ಕ್ಯಾಪಿಸ್ಟ್ರಾನೊ ದಾಟಿದ ಮೇಲೆ ರೈಲು ಒಮ್ಮೆಲೇ ಕಡಲ ದಂಡೆಗೆ ಬಂದುಬಿಟ್ಟಿತು. ಹಳಿಗೂ ಅಲೆಗೂ ನಡುವೆ ಒಂದಿಷ್ಟು ಮರಳು, ಒಂದಿಷ್ಟು ಕಲ್ಲು, ಅಷ್ಟೇ. ಬಿಸಿಲು ನೀರಿನ ಮೇಲೆ ಹರಡಿ ಬೋಗಿಯೊಳಗೆಲ್ಲ ಕುಣಿಯುತ್ತಿತ್ತು. ತಣ್ಣಗಿನ ನೀರಿನಲ್ಲಿ ಹಲಗೆಯ ಮೇಲೆ ಮಲಗಿ ಅಲೆಗಾಗಿ ಕಾಯುತ್ತಿದ್ದವರು ನಮಗೆ ಕೈಬೀಸಿದರು. ನಾನು ಎದ್ದು ನಿಂತು ಎರಡೂ ಕೈ ಬೀಸಿದೆ. ಇಂಥ ರೈಲುದಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಇದಕ್ಕೆ ಮೂವತ್ತು ಡಾಲರು ಕಡಿಮೆಯೇ ಎಂದು ಅತ್ತೆಯ ಮುಂದೆ ಸೋಲೊಪ್ಪಿಕೊಂಡೆ.

"ಆ ಕಾರ್ಡ್ ತಗಿ. ಇನ್ನೊಮ್ಮೆ ನೋಡ್ತೀನಿ. ಮಧ್ಯಾಹ್ನ ಅವರು ಇಸ್ಕೋತಾರ," ಎಂದರು ಅತ್ತೆ.

ಲಕೋಟೆ ತೆರೆದೆ. ಪತ್ರವಿತ್ತು. ಕಾರ್ಡ್ ಇರಲಿಲ್ಲ.

ಚೀಲವನ್ನು ಸೀಟಿನ ಮೇಲೆ ಸುರಿದೆ. ಬಾಚಣಿಗೆ, ಚಾರ್ಜರು, ಚಪಾತಿ ಡಬ್ಬಿ. ಕಾರ್ಡು ಬನಶಂಕರಿಯ ಪಾದದಲ್ಲಿ ಸೇವಂತಿಗೆಯ ಅಡಿಯಲ್ಲೇ ಉಳಿದಿತ್ತು. ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಕಾರ್ಡನ್ನು ತಂದು ಒಪ್ಪಿಸತಕ್ಕದ್ದು. ತರದಿದ್ದರೆ ಏನಾದೀತು? ಬೇರೆ ದಿನ ಕೊಡಬಹುದು. ಬೇರೆ ವರ್ಷಗಳಲ್ಲಾದರೆ ಅದು ಸಣ್ಣ ಮಾತು. ಈ ವರ್ಷ ನಿಯಮಗಳು ವಾರಕ್ಕೊಮ್ಮೆ ಬದಲಾಗುತ್ತಿದ್ದವು. 'ಬೇರೆ ದಿನ' ಎಂದರೆ ಯಾವ ದಿನ ಎಂದು ಯಾರೂ ಹೇಳುವಂತಿರಲಿಲ್ಲ. ಅತ್ತೆ ಬಯ್ಯಲಿಲ್ಲ. ಬೈದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಎದುರು ಮಾತಾಡಬಹುದಿತ್ತು.

ಹಿಂತಿರುಗಿ ತರುವಷ್ಟು ಹೊತ್ತಿರಲಿಲ್ಲ. ಆಗ ನೆನಪಾಯಿತು: ಅಂದು ಬುಧವಾರ. ಬುಧವಾರ ಬೆಳಿಗ್ಗೆ ಮಿಠಾಯಿ ಅಂಗಡಿಯ ವ್ಯಾನು ಸ್ಯಾನ್ ಡಿಯಾಗೊದ ಇಂಡಿಯನ್ ದಿನಸಿ ಅಂಗಡಿಗಳಿಗೆ ಸರಕು ಒಯ್ಯುತ್ತದೆ. ಓಡಿಸುವವರು ಹರ್ಜೀತ್ ಅಂಕಲ್, ಪಂಜಾಬಿನವರು. ಹೊರಡುವುದು ಎಂಟೂವರೆಯ ಮೇಲೆ. ಆಗ ಎಂಟು ಇಪ್ಪತ್ತೈದು.

ಮನೆಯ ಕೀ ಲೂಪೆಯ ಬಳಿ. ನಾನು ಫೋನು ಎತ್ತಿಕೊಂಡಾಗ ಅತ್ತೆ ನನ್ನ ಮುಂಗೈ ಹಿಡಿದರು.

"ಆಕಿನ್ನ ಹೊರಗ ಕಳಸಬ್ಯಾಡ. ನಂದು ಮುಂದಕ ಹೋದ್ರ ಹೋಗ್ಲಿ. ಆಕಿಗೆ ಏನರ ಆದ್ರ ನಾ ಯಾವ ಬಾಯಿಲೆ ಪ್ರಮಾಣ ಮಾಡ್ಲಿ?"

ಕೀಯನ್ನು ಹರ್ಜೀತ್ ಅಂಕಲ್‌ಗೆ ಕೊಡು, ಕಾರ್ಡನ್ನು ಅವರೇ ತೆಗೆದು ಸಭಾಂಗಣಕ್ಕೆ ತರಲಿ ಎಂದಷ್ಟೇ ಹೇಳುತ್ತೇನೆ ಎಂದು ಭರವಸೆ ಕೊಟ್ಟು ಫೋನು ಮಾಡಿದೆ. ಅಷ್ಟನ್ನೇ ಹೇಳಿದೆ ಕೂಡ. ಲೂಪೆ ಪೂರ್ತಿ ಕೇಳಿಸಿಕೊಂಡಳು. ಅಂಕಲ್ ಇನ್ನೂ ಟ್ರೇಗಳನ್ನು ಏರಿಸುತ್ತಿದ್ದಾರೆ, ಅವರನ್ನು ಕಳಿಸಿದರೆ ವ್ಯಾನು ತಡ, ಮೇಲಾಗಿ ಆ ಮನುಷ್ಯನಿಗೆ ತನ್ನ ಕನ್ನಡಕವೇ ಸಿಗುವುದಿಲ್ಲ ಎಂದಳು. ಆಮೇಲೆ ಏಪ್ರನ್ ಬಿಚ್ಚುವ ಸದ್ದು ಕೇಳಿಸಿತು.

"ಹೂವಿನ ಕೆಳಗೆ. ನನಗೆ ಗೊತ್ತು. ಎರಡು ಬ್ಲಾಕ್ ತಾನೇ, ಮಿಹಾ," ಎಂದಳು. ಮಿಹಾ ಎಂದರೆ ಅವರಲ್ಲಿ ಮಗಳೇ ಎಂದು. "ಫೋನು ಇಡಬೇಡ. ಮಾತಾಡುತ್ತಿರು."

ಸಮುದ್ರ ಕಾಣಿಸುತ್ತಿದೆ ಎಂದೆ. ಯಾವ ಬಣ್ಣ ಎಂದು ಕೇಳಿದಳು. ಹೇಳಿದೆ. ಅವಳ ಹೆಜ್ಜೆಗಳು ಕೇಳಿಸುತ್ತಿದ್ದವು, ಒಂದು ಬಸ್ಸು ಉಸ್ಸೆಂದು ನಿಂತದ್ದು ಕೇಳಿಸಿತು. ಸೀರೆ ಅಂಗಡಿಯವನು ಷಟರ್ ಎತ್ತುತ್ತಿದ್ದಾನೆ ಎಂದಳು. ನಾಲ್ಕು ತಿಂಗಳ ಮೇಲೆ ತಾನು ನಡೆಯುವುದನ್ನು ಕಂಡು ಕೈಮುಗಿದ ಎಂದಳು. ಆಮೇಲೆ ತಟ್ಟನೆ ಹೆಜ್ಜೆ ನಿಂತಿತು.

"ಬಿಳಿ ಗಾಡಿ. ಗಾಜು ಕಪ್ಪು," ಎಂದಳು, ಬಹಳ ಮೆಲ್ಲಗೆ. ಹಿಡಿದೊಯ್ಯುವವರು ಬರುತ್ತಿದ್ದುದು ಅಂಥ ಗಾಡಿಗಳಲ್ಲೇ.

ಅಷ್ಟರಲ್ಲಿ ರೈಲು ಸ್ಯಾನ್ ಕ್ಲಿಮೆಂಟೆ ದಾಟಿ ಸೇನೆಯ ಬಯಲಿಗೆ ಬಂತು. ಅಲ್ಲಿ ಊರಿಲ್ಲ, ಟವರಿಲ್ಲ. ಕರೆ ಕಡಿದುಹೋಯಿತು.

ಓಷನ್‌ಸೈಡ್ ಬರಲು ಇಪ್ಪತ್ತು ನಿಮಿಷ. ಕಿಟಕಿಯಾಚೆ ಕಂದು ಗುಡ್ಡ, ಒಣಹುಲ್ಲು. ನಾನು ಹತ್ತು ಸಲ ನಂಬರು ಒತ್ತಿದೆ. ಅತ್ತೆ ಕಣ್ಣುಮುಚ್ಚಿ ಕುಳಿತಿದ್ದರು. ಅವರ ತುಟಿ ಅಲ್ಲಾಡುತ್ತಿತ್ತು. ಬೇರೆ ದಿನವಾಗಿದ್ದರೆ ನಾನು ಅದರ ಮೇಲೊಂದು ಮಾತು ಎಸೆಯುತ್ತಿದ್ದೆ.

ಓಷನ್‌ಸೈಡ್ ಪ್ಲಾಟ್‌ಫಾರ್ಮ್ ಕಾಣುತ್ತಲೇ ಫೋನು ನಡುಗಿತು. ಒಂದು ಚಿತ್ರ: ತೆರೆದ ಪೇಡೆ ಡಬ್ಬಿ, ನಡುವೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಗ್ರೀನ್ ಕಾರ್ಡ್, ಅದರ ಮೇಲಿನ ಕುಂಕುಮ ಹಾಗೆಯೇ. ಕೆಳಗೆ ಬರೆದಿದ್ದಳು: ಬಿಳಿ ಗಾಡಿಯವನು ಕೊಳಾಯಿ ರಿಪೇರಿಯವನು; ವ್ಯಾನು ಎಂಟು ಐವತ್ತಕ್ಕೆ ಹೊರಟಿತು.

ಅತ್ತೆಗೆ ತೋರಿಸಿದೆ. ಅವರು ನಕ್ಕರು, ಅತ್ತರು, ಮತ್ತೆ ಚಪಾತಿ ಕೊಟ್ಟರು. ನಾನು ರೈಲಿನ ಕೆಫೆಗೆ ಓಡಿ ಎರಡು ಕಾಫಿ ತಂದೆ. ಕೆಟ್ಟ ಕಾಫಿ. ನನಗೆ ನೆನಪಿರುವ ಅತ್ಯಂತ ರುಚಿಯಾದ ಕಾಫಿಯೂ ಅದೇ.

ಹತ್ತು ಗಂಟೆಗೆ ಸ್ಯಾನ್ ಡಿಯಾಗೊ. ನಿಲ್ದಾಣದಿಂದ ಸಮಾರಂಭದ ಸಭಾಂಗಣಕ್ಕೆ ಹದಿನೈದು ನಿಮಿಷದ ನಡಿಗೆ; ಬಿಸಿಲು ಹಿತವಾಗಿತ್ತು. ಹನ್ನೊಂದೂವರೆಗೆ ಬಾಗಿಲು ಮುಚ್ಚುತ್ತದೆ ಎಂದು ಕಾವಲಿನವನು ಎಲ್ಲರಿಗೂ ಕೂಗಿ ಹೇಳುತ್ತಿದ್ದ. ಸಾಲು ಕಟ್ಟಡವನ್ನು ಸುತ್ತಿತ್ತು. ಇಷ್ಟು ದೇಶಗಳ ಇಷ್ಟು ಜನ ಒಟ್ಟಿಗೆ ಇಸ್ತ್ರಿ ಬಟ್ಟೆ ಹಾಕಿಕೊಂಡು ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ನಮ್ಮ ಮುಂದೆ ಎತ್ತರದ ಸೊಮಾಲಿ ಅಜ್ಜಿ, ಹಳದಿ ಹೊದಿಕೆ. ಸಾಲಿನಿಂದ ಯಾರನ್ನೋ ಹೊರಗೆ ಕರೆದರಂತೆ ಎಂಬ ಗಾಳಿಮಾತು ಎರಡು ಸಲ ನಮ್ಮನ್ನು ದಾಟಿ ಹೋಯಿತು. ಹೇಳಿದವರು ಯಾರೂ ಕಣ್ಣಾರೆ ಕಂಡವರಲ್ಲ ಎಂದು ನಾನು ಅಜ್ಜಿಗೆ ತರ್ಕ ಹೇಳಿದೆ. ಅಜ್ಜಿ ನನ್ನ ಗಲ್ಲ ತಟ್ಟಿ, ನೀನು ಮದುವೆಯಾಗು, ಜಗಳಕ್ಕೆ ಜನ ಸಿಗುತ್ತಾರೆ ಎಂದಳು. ಅತ್ತೆ ಬಹಳ ಹೊತ್ತು ನಕ್ಕರು.

ಹನ್ನೊಂದು ಹತ್ತು. ಹನ್ನೊಂದು ಇಪ್ಪತ್ತು. ನಮ್ಮ ಕಾರ್ಡಿನ ಕಥೆ ಕೇಳಿದ್ದ ಅಜ್ಜಿ ಬಾಗಿಲಿನವರೆಗೆ ಬಂದವಳು ಬದಿಗೆ ಸರಿದು, ಮೊಣಕಾಲು ನೋವೆಂದು ಕೂತುಬಿಟ್ಟಳು. ಹಿಂದಿನವರನ್ನು ಮುಂದೆ ಬಿಡುತ್ತ, ನಮ್ಮ ಜಾಗ ಹಿಡಿದಿಟ್ಟಳು. ಅವಳ ಮೊಣಕಾಲಿಗೆ ಏನೂ ಆಗಿರಲಿಲ್ಲ ಎನ್ನುವುದಕ್ಕೆ ನಾನೇ ಸಾಕ್ಷಿ. ಆಮೇಲೆ ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಹನ್ನೊಂದು ಇಪ್ಪತ್ತಾರಕ್ಕೆ ತಿರುವಿನಲ್ಲಿ ಮಿಠಾಯಿ ವ್ಯಾನು ಕಾಣಿಸಿತು. ಹರ್ಜೀತ್ ಅಂಕಲ್ ನಿಲ್ಲಿಸಲಿಲ್ಲ. ನಿಧಾನ ಮಾಡಿ ಕಿಟಕಿಯಿಂದ ಡಬ್ಬಿ ಚಾಚಿದರು. ನಾನು ರಸ್ತೆಯಲ್ಲೇ ಓಡಿ ಹಿಡಿದೆ.

ಒಳಗೆ ಮೇಜಿನ ಹಿಂದೆ ಕುಳಿತ ಅಧಿಕಾರಿ ಕಾರ್ಡನ್ನು ಬೆಳಕಿಗೆ ಹಿಡಿದು, ಕುಂಕುಮವನ್ನು ಉಗುರಿನಿಂದ ಕೆರೆದು, ಇದೇನು ಎಂದಳು. ದೇವರಿಗೆ ತೋರಿಸಿದ್ದೆ ಎಂದರು ಅತ್ತೆ. ಅಧಿಕಾರಿ, ತನ್ನ ಅಮ್ಮ ತನ್ನ ಪೌರತ್ವದ ಕಾಗದಕ್ಕೆ ಚರ್ಚಿನ ಪವಿತ್ರಜಲ ಚಿಮುಕಿಸಿದ್ದಳು, ಶಾಯಿಯೆಲ್ಲ ಹರಡಿತ್ತು ಎಂದು ಹೇಳಿ ಕಾರ್ಡನ್ನು ಪ್ಲಾಸ್ಟಿಕ್ ತೊಟ್ಟಿಗೆ ಹಾಕಿದಳು. ಹನ್ನೆರಡು ವರ್ಷ ಕಾದು ಪಡೆದ ಕಾರ್ಡು ಉಳಿದ ನೂರಾರು ಕಾರ್ಡುಗಳ ಮೇಲೆ ಟಪ್ಪೆಂದು ಬಿತ್ತು. ಕೈ ಎತ್ತಿ ಪ್ರಮಾಣ ಹೇಳುವಾಗ ಅತ್ತೆಯ ದನಿ ನನಗೆ ಗ್ಯಾಲರಿಯವರೆಗೂ ಕೇಳಿಸಿತು. ನಾನು ಎಲ್ಲರಿಗಿಂತ ಮೊದಲೇ ಚಪ್ಪಾಳೆ ಹೊಡೆದುಬಿಟ್ಟೆ.

ಹೊರಗೆ ಅಂಕಲ್ ಸರಕು ಇಳಿಸಿ ಬಂದಿದ್ದರು. ಅಲ್ಲೇ ಪಾರ್ಕಿಂಗಿನಲ್ಲಿ ಎಲ್ಲರಿಗೂ ಪೇಡೆ ಹಂಚಿದೆವು, ಅಜ್ಜಿಗೆ ಎರಡು. ಇನ್ನು ಹೆದರಿಕೆ ಇಲ್ಲವಲ್ಲ ಎಂದು ಅತ್ತೆ ಕೇಳಿದಾಗ, ಅಂಕಲ್ ವ್ಯಾನಿನ ಡ್ಯಾಷ್‌ಬೋರ್ಡಿನ ಖಾನೆ ತೆರೆದು ತೋರಿಸಿದರು. ಅಲ್ಲಿ ಅವರ ಅಮೆರಿಕದ ನೀಲಿ ಪಾಸ್‌ಪೋರ್ಟ್ ಇತ್ತು. ಪ್ರಜೆಯಾಗಿ ಇಪ್ಪತ್ತು ವರ್ಷವಾಗಿದ್ದರೂ ಜೂನ್‌ನಿಂದ ಅದನ್ನು ಮನೆಯಲ್ಲಿ ಇಡದೆ ಜೊತೆಗೇ ಒಯ್ಯುತ್ತಾರಂತೆ. ರೈಲಿನಲ್ಲಿ ನಾನು ಹೂಡಿದ ವಾದ ಗೆದ್ದಿತ್ತು. ನಾನು ಇನ್ನೊಂದು ಪೇಡೆ ಎತ್ತಿ ಅಂಕಲ್ ಕೈಗಿಟ್ಟೆ. ಅತ್ತೆ ಪ್ರಮಾಣಪತ್ರವನ್ನು ಎದೆಗವಚಿಕೊಂಡೇ ನಿಂತಿದ್ದರು.

ನಾಲ್ಕು ಗಂಟೆಯ ರೈಲಿಗೆ ನಾನೊಬ್ಬಳೇ ಹೊರಟೆ. ಸೇನೆಯ ಬಯಲಿನಲ್ಲಿ, ಹೆದ್ದಾರಿಯ ಉತ್ತರಮುಖದ ಸಾಲಿನಲ್ಲಿ ಗಡಿ ಕಾವಲಿನವರ ತಪಾಸಣೆಯ ಚಾವಣಿ ಕಂಡಿತು. ಬರುವಾಗ ಫೋನಿನಲ್ಲೇ ಮುಳುಗಿ ಅದನ್ನು ಗಮನಿಸಿರಲಿಲ್ಲ. ಹರ್ಜೀತ್ ಅಂಕಲ್ ಪ್ರತಿ ಬುಧವಾರ ಅದರಡಿಯಲ್ಲೇ ಮನೆಗೆ ಮರಳುತ್ತಾರೆ. ಆ ಕಾವಲಿನವರು ಕೆಲವೊಮ್ಮೆ ರೈಲಿಗೂ ಹತ್ತಿ ಕಾಗದ ಕೇಳುವುದುಂಟು; ಲೂಪೆ ಈ ರೈಲಿನಲ್ಲಿ ಯಾಕೆ ಎಂದೂ ಕೂತಿಲ್ಲ ಎಂದು ಆಗ ತಿಳಿಯಿತು. ಸಮುದ್ರದ ಬಣ್ಣ ಯಾವುದು ಎಂದು ಅವಳು ಸುಮ್ಮನೆ ಕೇಳಿರಲಿಲ್ಲ.

ಮನೆ ಸೇರಿದಾಗ ಏಳು ಗಂಟೆ. ಕರಿಬೇವಿನ ಗಿಡದ ಮಣ್ಣು ಒದ್ದೆಯಾಗಿತ್ತು. ಅಷ್ಟು ಅವಸರದಲ್ಲೂ ನೀರು ಹಾಕಿ ಹೋಗಿದ್ದಳು. ದೀಪ ಹಚ್ಚಬೇಕೆಂದು ಗೂಡಿನ ಮುಂದೆ ನಿಂತೆ. ಬನಶಂಕರಿಯ ಪಾದದಲ್ಲಿ, ಕಾರ್ಡು ಇದ್ದ ಜಾಗದಲ್ಲಿ, ನಾಲ್ಕು ಮಡಿಕೆಯ ಒಂದು ಕಾಗದವಿತ್ತು. ಪರ್ಸಿನಲ್ಲಿ ಬಹಳ ದಿನ ಇದ್ದು ಮಡಿಕೆಗಳು ಸವೆದಿದ್ದವು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕುಂಕುಮ, ಸ್ವಲ್ಪ ಹೆಚ್ಚೇ ಆಗಿತ್ತು. ಮೇಲೆ ಅದೇ ಸೇವಂತಿಗೆ. ಬಿಡಿಸದೆಯೇ ಹೊರಗೆ ಕಾಣುತ್ತಿದ್ದದ್ದು ಎರಡು ಸಾಲು: ಲಾಸ್ ಏಂಜಲೀಸಿನ ವಲಸೆ ನ್ಯಾಯಾಲಯದ ವಿಳಾಸ, ಮತ್ತು ಮುಂದಿನ ತಿಂಗಳ ಒಂದು ದಿನ, ಬೆಳಿಗ್ಗೆ ಎಂಟೂವರೆ.

ವಿಚಾರಣೆಗೆ ಹೋದವರನ್ನು ಆ ಕಟ್ಟಡದ ಮೊಗಸಾಲೆಯಲ್ಲೇ ಹಿಡಿಯುತ್ತಿದ್ದಾರೆ. ಹೋಗದಿದ್ದರೆ ಗಡೀಪಾರಿನ ಆದೇಶ ತಾನಾಗಿ ಬರುತ್ತದೆ. ಪರವೂ ವಿರೋಧವೂ ಒಂದೇ ಬಾಗಿಲಿಗೆ ಹೋಗಿ ನಿಲ್ಲುವ ವಿಷಯ.

ಕಾಗದವನ್ನು ನಾನು ಮುಟ್ಟಲಿಲ್ಲ. ದೀಪ ಹಚ್ಚಿ, ಲೂಪೆಗೆ ಬರೆದೆ: ಬೆಳಿಗ್ಗೆ ಆರೂವರೆಗೆ ಕಾರು ತರುತ್ತೇನೆ, ಅಂಗಡಿಗೆ ಮೊದಲು ನನ್ನ ಮನೆಗೆ ಬರಬೇಕು. ನೀನು ಇಟ್ಟದ್ದನ್ನು ನೀನೇ ಎತ್ತಬೇಕು. ಎಂಟೂವರೆಯ ಆ ದಿನವೂ ಕಾರು ನನ್ನದೇ.