ಊರಮುಂದಲ ಬಯಲಿನ ತಕರಾರು

ಬಯಲಿಗೆ ಗೂಟ ಹೊಡೆಯುತ್ತಾರೆ ಎಂಬ ಸುದ್ದಿಯನ್ನು ಮನೆಗೆ ತಂದವರು ನನ್ನ ಗಂಡ. ಅದೂ ಸಂತೋಷದಿಂದ. ಎಮ್ಮೆ ಕರೆದು ತಂಬಿಗೆ ಹಿಡಿದು ಒಳಗೆ ಬರುತ್ತಿದ್ದ ನನ್ನನ್ನು ನಡುಮನೆಯಲ್ಲೇ ತಡೆದು ನಿಲ್ಲಿಸಿದರು.

"ನಮಗೂ ಒಂದು ಮನೆ ಜಾಗ ಬತ್ತದೆ ಕಣೆ. ಅಗಲವಾದ ಬೀದಿ, ನೆಟ್ಟಗಿರೋ ಸಾಲು, ಎರಡು ಕಡೀಕೂ ಕಿಟಕಿ. ಈ ಕತ್ತಲೆ ಗೂಡಿಂದ ಈಚೆ ಬೀಳ್ತೀವಿ."

ಮೂಲೆಯಲ್ಲಿ ಕೂತು ಅವರೆಕಾಳು ಹಸನು ಮಾಡುತ್ತಿದ್ದ ಅತ್ತೆ ಮೊರವನ್ನು ನಿಲ್ಲಿಸಿದರು. "ಎಲ್ಲಿ?"

"ಊರಮುಂದಲ ಬಯಲಲ್ಲಿ ಕಣವ್ವ."

"ಆ ಬಯಲು ಯಾರಪ್ಪನ ಮನೇದ್ಲಾ?" ಎಂದರು ಅತ್ತೆ. ಅಷ್ಟೇ ಅಂದು ಮತ್ತೆ ಮೊರ ಕೇರತೊಡಗಿದರು. ಕಾಳು ಮೊರದಿಂದ ಆಚೆ ಹಾರುತ್ತಿತ್ತು. ಅವರ ಕೈಯಲ್ಲಿ ಹಾಗೆ ಕಾಳು ಚೆಲ್ಲಿದ್ದನ್ನು ನಾನು ಆವರೆಗೆ ನೋಡಿರಲಿಲ್ಲ.

ನಮ್ಮದು ನರಸೀಪುರದಿಂದ ಮೂಗೂರಿಗೆ ಹೋಗುವ ಗಾಡಿದಾರಿಯ ಮಗ್ಗುಲಿನ ಸಣ್ಣ ಹಳ್ಳಿ. ಮನೆಗಳೆಲ್ಲ ಒಂದರ ಬೆನ್ನಿಗೆ ಒಂದು ಒರಗಿಕೊಂಡು, ಎದುರು ಬದುರು ಕೈ ಚಾಚಿದರೆ ಮುಟ್ಟುವಷ್ಟು ಇಕ್ಕಟ್ಟು. ಆದರೆ ಊರ ಬಾಗಿಲು ದಾಟಿದರೆ ಆ ಬಯಲು. ಒಂದು ಕಡೆ ಗಾಡಿದಾರಿ, ಇನ್ನೊಂದು ಕಡೆ ಹುಣಸೆ ತೋಪು, ತಗ್ಗಿನ ತುದಿಯಲ್ಲಿ ಸಿಹಿನೀರಿನ ಬಾವಿ. ಬೆಳಿಗ್ಗೆ ಊರಿನ ದನವೆಲ್ಲ ಅಲ್ಲಿ ಕೂಡುತ್ತಿತ್ತು. ಸುಗ್ಗಿಯಲ್ಲಿ ಕಣ ಮಾಡುತ್ತಿದ್ದೆವು. ಕುಂಬಾರರು ಮಡಕೆ ಒಣಗಿಸುತ್ತಿದ್ದರು. ಸರ್ಕಾರದ ಲೆಕ್ಕದಲ್ಲಿ ಅದು ಸರ್ಕಾರದ್ದು. ನಮ್ಮ ಲೆಕ್ಕದಲ್ಲಿ ಅದು ಯಾರದೂ ಅಲ್ಲ, ಆದ್ದರಿಂದ ಎಲ್ಲರದು.

ಇಷ್ಟೇ ಆಗಿದ್ದರೆ ಅತ್ತೆ ಅಷ್ಟು ಉರಿಯುತ್ತಿರಲಿಲ್ಲ. ಪ್ಲೇಗು ಬಂದು ಇಲಿ ಬಿದ್ದ ವರ್ಷ ನಮ್ಮನ್ನು ಉಳಿಸಿದ್ದು ಆ ಬಯಲು.

ನಾನು ನಂಜನಗೂಡಿನಿಂದ ಮದುವೆಯಾಗಿ ಬಂದ ಮೂರನೆಯ ವರ್ಷ ಅದು. ಮೊದಲು ಪಟೇಲರ ಮನೆಯ ಅಟ್ಟದಿಂದ ಇಲಿ ಸತ್ತು ಬಿತ್ತು, ಆಮೇಲೆ ನಮ್ಮ ಮನೆಯಲ್ಲಿ. ವಾರದೊಳಗೆ ಊರಿಗೆ ಊರೇ ಮಡಕೆ ಕುಡಿಕೆ ಹೊತ್ತು ಬಯಲಿಗೆ ಬಂತು. ತೆಂಗಿನ ಗರಿ, ಕಬ್ಬಿನ ಸೋಗೆ, ರಾಗಿ ಹುಲ್ಲು, ಸಿಕ್ಕಿದ್ದನ್ನೆಲ್ಲ ಹೊದಿಸಿ ಗುಡಿಸಲು ಕಟ್ಟಿದೆವು. ಮೂರು ತಿಂಗಳಿಗೂ ಮೇಲೆ ಅಲ್ಲೇ ಇದ್ದೆವು. ನನ್ನ ಮೊದಲ ಮಗಳು ಹುಟ್ಟಿದ್ದು ಅಲ್ಲಿ, ಸೋಗೆಯ ಸಂದಿನಿಂದ ಬಿಸಿಲು ಬೀಳುತ್ತಿದ್ದ ಗುಡಿಸಲಲ್ಲಿ. ಮಾವ ತೀರಿಕೊಂಡದ್ದೂ ಅಲ್ಲೇ. ಯಾರು ಎಷ್ಟು ಬೇಡವೆಂದರೂ ಕೇಳದೆ, ಬಿತ್ತನೆ ರಾಗಿ ತರುತ್ತೇನೆಂದು ಮನೆಯೊಳಗೆ ಹೋಗಿಬಂದರು. ಮೂರನೆಯ ದಿನ ಜ್ವರ ಬಂತು. ಬಯಲು ಬಿಟ್ಟು ಕದಲದವರು ಬಹುಪಾಲು ಬದುಕಿದರು.

ಬಯಲನ್ನು ಕೇಳಿದ್ದವನು ನರಸೀಪುರದ ಕಡೆಯ ಒಬ್ಬ ಕಂಟ್ರಾಕ್ಟರು. ಮೋರಿ ಕಟ್ಟಿಸಿ ಹೆಸರು ಮಾಡಿದ್ದ. ಮಾತು ಬಹಳ ಮೃದು. ಅವನ ಅರ್ಜಿಯಲ್ಲಿ ಇದ್ದುದು ಇದು: ಬಯಲಿನ ತುಂಬ ಸಾಲುಮನೆಗಳ ಹೊಸ ಬಡಾವಣೆ ಆಗಬೇಕು; ಕಟ್ಟಿಸುವುದು ತಾನು; ಅದಕ್ಕೆ ಪ್ರತಿಯಾಗಿ ತಗ್ಗಿನ ಕಡೆ ತನಗೊಂದು ಭತ್ತದ ಮಂಡಿಗೆ ಜಾಗ, ಬಾವಿಯನ್ನೂ ಸೇರಿಸಿ ಸುತ್ತ ಕಾಂಪೌಂಡು. ಕಾರಣವಾಗಿ ತೋರಿಸಿದ್ದು ಪ್ಲೇಗನ್ನೇ. ಇಕ್ಕಟ್ಟಿನ ಮನೆಗಳಿಂದಲೇ ರೋಗ, ಗಾಳಿ ಬೆಳಕಿನ ಮನೆಗಳಾದರೆ ಜನ ಉಳಿಯುತ್ತಾರೆ ಎಂದು.

ಇದು ಸುಳ್ಳಲ್ಲ. ಒಳಗೇರಿಯಲ್ಲಿದ್ದವರು, ನನ್ನ ಗಂಡನೂ ಸೇರಿ, ಅದಕ್ಕೇ ಮನಸೋತಿದ್ದರು. ದನ ಹೆಚ್ಚಿದ್ದವರು, ಕುಂಬಾರರು, ಹೊಸ ಮನೆ ಕೊಳ್ಳುವ ಶಕ್ತಿ ಇಲ್ಲದವರು ಆಗದು ಎಂದರು. ಒಂದೇ ಜಗುಲಿಯ ಮೇಲೆ ಕೂರುತ್ತಿದ್ದ ಅಣ್ಣತಮ್ಮಂದಿರು ಮುಖ ತಿರುಗಿಸಿಕೊಂಡು ಓಡಾಡತೊಡಗಿದರು.

ತಮಟೆ ಬಡಿದು ಸಾರಿದರು: ಸೋಮವಾರ ಚಾವಡಿಯಲ್ಲಿ ಕಂದಾಯದ ಶೇಕ್ದಾರರು ಊರವರ ಅಭಿಪ್ರಾಯ ಕೇಳುತ್ತಾರೆ, ಜಮೀನಿನ ಖಾತೆದಾರರೆಲ್ಲ ಬರತಕ್ಕದ್ದು. ಅತ್ತೆಗೆ ಅವರ ತವರು ಹೆಮ್ಮಿಗೆಯಿಂದ ಅರಿಶಿನ ಕುಂಕುಮಕ್ಕೆಂದು ಬಂದ ಒಂದು ತುಂಡು ಗದ್ದೆ ನಮ್ಮೂರ ಎಲ್ಲೆಯಲ್ಲೇ ಇತ್ತು, ಖಾತೆ ಅವರ ಹೆಸರಿನಲ್ಲೇ. "ನಾನೂ ಖಾತೆದಾರ್ಳೇಯ," ಎಂದು ಸೆರಗು ಬಿಗಿದು ಹೊರಟರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು.

ಚಾವಡಿಯಲ್ಲಿ ಶೇಕ್ದಾರರು ಯಾರನ್ನೂ ಏನನ್ನೂ ಕೇಳಲಿಲ್ಲ. ಮಣೆಯ ಮೇಲೆ ಮಹಜರು ಮೊದಲೇ ಬರೆದು ಸಿದ್ಧವಾಗಿತ್ತು. ಕೆಳಗೆ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು. ಒಬ್ಬೊಬ್ಬರೇ ಬಗ್ಗುವುದು, ಮಸಿ ಹಚ್ಚಿಸಿಕೊಳ್ಳುವುದು, ಒತ್ತುವುದು. ನಮ್ಮ ಸರದಿ ಬಂತು. ಅತ್ತೆಯ ಹೆಬ್ಬೆರಳಿಗೆ ಮಸಿಯೂ ಬಿತ್ತು.

"ಏನ್ ಬರ್ದೀರಿ ಬುದ್ಧಿ?" ಎಂದರು ಅತ್ತೆ.

"ನೀವೆಲ್ಲ ಹೇಳಿದ್ದನ್ನೇ. ಒತ್ತಮ್ಮ, ಹೊತ್ತಾಗುತ್ತೆ."

ನನ್ನ ತಂದೆ ನಂಜನಗೂಡಿನಲ್ಲಿ ಜಗುಲಿಯ ಮೇಲೆ ಕೂಲಿಮಠ ನಡೆಸುತ್ತಿದ್ದವರು. ಮಕ್ಕಳು ಮರಳಿನ ಮೇಲೆ ತಿದ್ದುವಾಗ ನಾನೂ ಪಕ್ಕದಲ್ಲಿ ತಿದ್ದಿ ಕಲಿತಿದ್ದೆ. ಗಂಡನ ಮನೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ ಎನ್ನಬಹುದು, ಹೆದರಿಕೆಯೂ ಇತ್ತು. ಅತ್ತೆಯ ಹಿಂದೆ ನಿಂತು ಆ ಕಾಗದವನ್ನು ನೋಡುತ್ತಿದ್ದಂತೆ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. ಗಟ್ಟಿಯಾಗಿಯೇ ಓದಿದೆ.

"ಸದರಿ ಗ್ರಾಮದ ಸಮಸ್ತ ನಿವಾಸಿಗಳೂ ಪೂರ್ಣ ಮನಸ್ಸಿನಿಂದ ಒಪ್ಪಿರುತ್ತಾರೆ. ಯಾರದೂ ಏನೂ ತಕರಾರು ಇರುವುದಿಲ್ಲ."

ಶೇಕ್ದಾರರು ತಲೆಯೆತ್ತಿ, "ಹೆಂಗಸರಿಗೆ ಇಲ್ಲೇನು ಕೆಲಸ? ಯಾರ ಮನೆಯವಳು ಇವಳು?" ಎಂದರು. ಕಂಬದ ಬಳಿ ನಿಂತಿದ್ದ ನನ್ನ ಗಂಡನ ಮುಖ ಕಪ್ಪಿಟ್ಟಿತ್ತು. ಉತ್ತರ ಕೊಟ್ಟವರು ಅತ್ತೆ.

"ನಮ್ಮನೆಯೋಳು. ನಮ್ಮೂರೋಳು. ತಕರಾರು ಇಲ್ಲ ಅಂತ ನಾ ಯಾವಾಗ ಅಂದೆ?" ಎಂದವರೇ ಮಸಿಯ ಬೆರಳನ್ನು ಚಾವಡಿಯ ಸುಣ್ಣದ ಗೋಡೆಗೆ ಬಲವಾಗಿ ಒತ್ತಿ ಎಳೆದರು. "ಒತ್ತಿದ್ದೀನಿ, ನೋಡ್ಕಳಿ. ಇದು ನಂದು." ಅವರ ಹಿಂದೆ ಇದ್ದ ಕುಂಬಾರರ ಮುದುಕ ಸರದಿಯಿಂದ ಈಚೆ ಬಂದುಬಿಟ್ಟ. ಆಮೇಲೆ ಇನ್ನಿಬ್ಬರು. ಆಗಲೇ ಒತ್ತಿದ್ದವರು ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಿದ್ದರು.

ಮನೆಯಲ್ಲಿ ಗಂಡ ಆ ಮಾತು ಎತ್ತಿದ್ದು ಮೂರನೆಯ ದಿನ, ಊಟಕ್ಕೆ ಕೂತಾಗ.

"ಓದಕ್ಕೆ ಬತ್ತದೆ ಅಂತ ನಂಗ್ಯಾಕೆ ಏಳ್ನಿಲ್ಲ?"

"ನೀವು ಕೇಳ್ಲಿಲ್ಲ."

"ನಾಕು ಜನದ ಮುಂದೆ ನನ್ನ ಮಾನ ಕಳ್ದೆ. ನಾನು ಆ ಮನೆ ಕೇಳ್ತಿರದು ನನಗೋಸ್ಕರವಾ? ಇದೇ ಅಟ್ಟದಿಂದ ಇಲಿ ಬಿತ್ತು. ಮಗು ಇಲ್ಲೇ ಮಲಿಕತದೆ. ಒಂದು ಕಿಟಕಿ ಕೇಳ್ದೆ, ಅದು ತೆಪ್ಪಾ?"

ತಪ್ಪಲ್ಲ ಎಂದು ನನಗೂ ಗೊತ್ತಿತ್ತು. ಹಾಗೆಂದು ಸುಮ್ಮನಿರಲು ಆಗಲಿಲ್ಲ. "ಕಿಟಕಿ ಇರೋ ಮನೇಲೂ ಇಲಿ ಬಿದ್ದರೆ? ಆಗ ಎಲ್ಲಿಗೆ ಓಡೋದು?" ಎಂದೆ. ಅವರು ಅರ್ಧ ಊಟಕ್ಕೆ ಎದ್ದು ಹೋದರು.

ಆ ವಾರವೇ ಬಯಲಿನಲ್ಲಿ ಗೂಟಗಳು ಬಿದ್ದವು. ನಾನು ಕೂತು ತಕರಾರು ಅರ್ಜಿ ಬರೆದೆ. ಎಷ್ಟೋ ವರ್ಷಗಳ ಮೇಲೆ ಲೇಖನಿ ಹಿಡಿದಿದ್ದೆ. ಎರಡು ಸಲ ಕಾಗದ ಕೆಟ್ಟಿತು. ಹೆಂಗಸರು ಹಿತ್ತಲಿನಿಂದ ಹಿತ್ತಲಿಗೆ ಬಂದು ಹೆಬ್ಬೆಟ್ಟು ಒತ್ತಿದರು. ಖಾತೆ ಇದ್ದವರು, ಇಲ್ಲದವರು, ಎಲ್ಲರೂ. ಅತ್ತೆ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನರಸೀಪುರಕ್ಕೆ ನಡೆದರು. ಗುಮಾಸ್ತರ ಕೈಗೆ ಕೊಡಲಿಲ್ಲ. ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರು ಊಟಕ್ಕೆಂದು ಗಾಡಿ ಹತ್ತಲು ಬರುವವರೆಗೂ ಕಚೇರಿಯ ಮೆಟ್ಟಿಲ ಬಳಿ ನಿಂತಿದ್ದು, ಅವರ ಕೈಗೇ ಕೊಟ್ಟರು. ಶುಕ್ರವಾರ ತಾವೇ ಬಂದು ಸ್ಥಳ ನೋಡುವುದಾಗಿ ಅಮಲ್ದಾರರು ಹೇಳಿದರಂತೆ.

"ಬಂದು ಏನ್ ನೋಡ್ತಾರೆ?" ಎಂದಳು ಕುಂಬಾರರ ಸೊಸೆ. "ಕಾಲಿ ಬಯಲು, ನಾಕು ಗೂಟ. ಕಾಲಿ ಬಿದ್ದದೆ, ತಗಳ್ಳಿ ಅಂತಾರೆ."

ಅತ್ತೆ, "ಒಲೆ ಬೂದಿ ಯಾರೂ ಚೆಲ್ಬ್ಯಾಡಿ. ಕೂಡಾಕಿ," ಎಂದರು.

ಶುಕ್ರವಾರ ಬೆಳಗಾಗುತ್ತಲೇ ಮಂಕರಿಗಳಲ್ಲಿ ಬೂದಿ ಹೊತ್ತು ಬಯಲಿಗೆ ಹೋದೆವು. ಇಲಿ ಬಿದ್ದ ವರ್ಷ ಯಾರ ಗುಡಿಸಲು ಎಲ್ಲಿತ್ತೋ ಅಲ್ಲೇ ಬೂದಿಯಿಂದ ಗೆರೆ ಎಳೆಯುವುದು, ಬಾಗಿಲಿಗೆ ಜಾಗ ಬಿಡುವುದು, ಒಲೆ ಇದ್ದ ಕಡೆ ಒಂದು ಕಲ್ಲು ಇಡುವುದು. ಕೆಲಸ ಹೇಳಿದಷ್ಟು ಸುಲಭವಾಗಲಿಲ್ಲ. ಜಗಳ ಶುರುವಾಯಿತು.

"ನಿಂದು ಇಲ್ಲಿರ್ನಿಲ್ಲ ಕಣೆ. ನಿನ್ನೊಲೆ ಹೊಗೆ ನನ್ನ ಬಾಗ್ಲಿಗೆ ನುಗ್ತಿತ್ತು, ಮರ್ತಿದ್ದೀನಾ ನಾನು?"

"ಅಂಗಾದ್ರೆ ನಿಂದೇ ಆಚೀಕಿತ್ತು. ಹುಣಸೆಮರದಿಂದ ಅಳೆ."

ಅಳೆದರು. ಹೆಜ್ಜೆ ಹಾಕಿ ಅಳೆಯುತ್ತ ಅಳೆಯುತ್ತ ಒಬ್ಬೊಬ್ಬಳೂ ತನ್ನ ಜಾಗಕ್ಕೆ ಬಂದು ನಿಂತಾಗ ಗದ್ದಲ ತಾನಾಗಿ ಇಳಿಯಿತು. ಒಬ್ಬಳು ಗೆರೆ ಎಳೆದು ಮುಗಿಸಿ, ಅದರೊಳಗೆ ಕೂತು ಅತ್ತಳು. ಅವಳ ಇಬ್ಬರು ಮಕ್ಕಳು ಹೋದದ್ದು ಅಲ್ಲಿ. ನಾನು ನಮ್ಮ ಗುಡಿಸಲಿನ ಗೆರೆ ಎಳೆದೆ. ಎಷ್ಟು ಚಿಕ್ಕದಿತ್ತು ಅದು! ಅಷ್ಟರೊಳಗೆ ನಾಲ್ಕು ಜನ ಇದ್ದೆವು, ಒಬ್ಬರು ಹೋಗಿ ಒಬ್ಬಳು ಬಂದಳು.

ಅಮಲ್ದಾರರು ಬರುವ ಹೊತ್ತಿಗೆ ಬಯಲಿನಲ್ಲಿ ಕಾಲಿಡಲು ಬೀದಿ ಮಾತ್ರ ಉಳಿದಿತ್ತು. ಕಂಟ್ರಾಕ್ಟರೂ ಶೇಕ್ದಾರರೂ ಜೊತೆಗಿದ್ದರು. ಗಂಡಸರು ದಾರಿಯ ಅಂಚಿನಲ್ಲಿ, ನಾವು ನಮ್ಮ ನಮ್ಮ ಗೆರೆಯೊಳಗೆ.

"ಇದೇನು, ರಂಗೋಲಿಯೇ?" ಎಂದರು ಅಮಲ್ದಾರರು.

"ಅಲ್ಲ ಬುದ್ಧಿ, ಮನೆ," ಎಂದರು ಅತ್ತೆ. "ಇಲಿ ಬಿದ್ದಾಗ ನಾವಿದ್ದ ಮನೆ. ಇದು ನಂದು. ನನ್ನ ಗಂಡ ಸತ್ತಿದ್ದು ಇಲ್ಲಿ, ಮೊಮ್ಮಗಳು ಹುಟ್ಟಿದ್ದು ಅಲ್ಲಿ, ಆ ಕಲ್ಲಿನ ತಾವ. ನಡೀರಿ, ಒಂದೊಂದೇ ತೋರುಸ್ತೀವಿ."

ಅವರು ಬೂಟು ಗೆರೆಗೆ ತಾಗದಂತೆ ನಿಧಾನವಾಗಿ ನಡೆದರು. ಪ್ರತಿ ಚೌಕದ ಮುಂದೆಯೂ ನಿಂತು ಕೇಳಿದರು. ಕಂಟ್ರಾಕ್ಟರು ಹಿಂದಿನಿಂದ, "ಸ್ವಾಮಿ, ಇಂಥದ್ದು ಇನ್ನೊಂದು ಸಲ ಆಗಬಾರದು ಅಂತಲೇ ಗಾಳಿ ಬೆಳಕಿನ ಮನೆ ಕಟ್ಟಿಸುತ್ತೇನೆ ಎನ್ನುತ್ತಿರೋದು," ಎಂದ.

"ಅದು ನಿಜ ಅಲ್ಲವೇನಮ್ಮಾ? ಪ್ಲೇಗು ಮತ್ತೆ ಬಂದೇ ಬರುತ್ತೆ ಅಂತ ನಿಮಗೆ ಯಾರು ಹೇಳಿದರು?" ಎಂದರು ಅಮಲ್ದಾರರು.

"ಬರಾಕಿಲ್ಲ ಅಂತ ನೀವು ಕಾಗದದ ಮ್ಯಾಲೆ ಬರ್ದು ಕೊಡಿ ಬುದ್ಧಿ. ನನ್ನ ಸೊಸೆ ಓದ್ತಾಳೆ. ಬಯಲು ಬುಟ್ಕೊಡ್ತೀವಿ."

ಆಗ ದಾರಿಯ ಅಂಚಿನಿಂದ ನನ್ನ ಗಂಡ ಇಳಿದು ಬಂದರು. ಎಲ್ಲರ ಮುಂದೆ ತಾಯಿಯನ್ನು ಗದರಿಸುತ್ತಾರೆ ಎಂದುಕೊಂಡೆ. ಅವರು ನಮ್ಮ ಗೆರೆಯ ಹತ್ತಿರ ಬಂದು, ಒಳಗೆ ಬರದೆ, ಹೊರಗೇ ನಿಂತರು.

"ಸ್ವಾಮಿ, ನಂಗೆ ಮನೆ ಬೇಕು. ಅದು ಸುಳ್ಳಲ್ಲ. ಆದ್ರೆ ಗಾಡಿದಾರಿ ಉದ್ದಕ್ಕೂ ಒಂದು ಸಾಲು ಕಟ್ಟುದ್ರೆ ಬೇಕಾದೋರಿಗೆಲ್ಲ ಸಾಕಾಯ್ತದೆ. ನಾನು ಹೆಜ್ಜೆ ಆಕಿ ನೋಡಿದ್ದೀನಿ. ಮಂಡಿ ಯಾಕೆ ನಮಗೆ? ಬಾವಿಗೆ ಕಾಂಪೌಂಡು ಯಾಕೆ? ಈ ಗೆರೆ ಮ್ಯಾಲೆ ಗೋಡೆ ಎದ್ದರೆ ನಾನೇ ಬೀಳುಸ್ತೀನಿ."

ಶೇಕ್ದಾರರು ಗದರಿದರು. ಅಮಲ್ದಾರರು ಕೈಯೆತ್ತಿ ತಡೆದು, ಗಾಡಿದಾರಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿ ಹೊರಟುಹೋದರು. ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಸಂಜೆ ನಾವೇ ಗೂಟಗಳನ್ನು ಕಿತ್ತು ಮನೆಗೆ ಸೌದೆಗೆ ತಂದೆವು. ಅದು ತಪ್ಪೋ ಸರಿಯೋ, ಅನ್ನ ಚೆನ್ನಾಗಿ ಬೆಂದಿತು.

ಹುಕುಂ ಬರುವ ಹೊತ್ತಿಗೆ ಸುಗ್ಗಿ ಮುಗಿದಿತ್ತು. ಗಾಡಿದಾರಿಯ ಪಕ್ಕ ಒಂದು ಸಾಲು ಮನೆಗೆ ಅಪ್ಪಣೆ. ಉಳಿದ ಬಯಲು, ತೋಪು, ಬಾವಿ ಊರವರ ಉಪಯೋಗಕ್ಕೆ ಹಾಗೆಯೇ ಬಿಡತಕ್ಕದ್ದು. ಮಂಡಿಯ ಕೋರಿಕೆ ವಜಾ. ನಾನು ಅದನ್ನು ಚಾವಡಿಯಲ್ಲಿ ನಿಂತು ಓದಿದೆ. ಈ ಸಲ ಓದು ಎಂದವರು ಪಟೇಲರೇ.

ಆ ಸಾಲಿನಲ್ಲಿ ಮೂರನೆಯ ಮನೆ ನಮ್ಮದಾಯಿತು. ಎರಡು ಕಡೆ ಕಿಟಕಿ. ಒಳ್ಳೆಯ ಮನೆ, ಇಲ್ಲವೆನ್ನುವುದಿಲ್ಲ. ಒಮ್ಮೆ ಕಂಟ್ರಾಕ್ಟರು ಅದೇ ದಾರಿಯಲ್ಲಿ ಹೋಗುತ್ತ ಗಾಡಿ ನಿಲ್ಲಿಸಿ, "ಮನೆ ಬೇಡ ಅಂತ ಅಷ್ಟು ಹೋರಾಡಿದಿರಿ, ಈಗ ನೀವೇ ಬಂದು ಸೇರಿಕೊಂಡಿರಲ್ಲಮ್ಮಾ," ಎಂದು ನಕ್ಕ.

"ಮನೆ ಬೇಡ ಅಂತ ನಾವು ಯಾವತ್ತೂ ಅನ್ನಲಿಲ್ಲ," ಎಂದೆ. "ನೀವು ಬೇಡ ಅಂದೆವು."

ಅವನು ಬಿಡುವವನಲ್ಲ. ಕೆಲವು ವರ್ಷ ಕಳೆದು, ಬಾವಿಯ ಕಡೆಯ ತಗ್ಗು ಮಾತ್ರ ಸಾಕು ಎಂದು ಮತ್ತೆ ಅರ್ಜಿ ಹಾಕಿದ. ಅತ್ತೆ ಆಗ ಹಾಸಿಗೆ ಹಿಡಿದಿದ್ದರು. ಗಂಡ ಗಾಡಿ ಕಟ್ಟಿ ನನ್ನನ್ನು ತಾಲ್ಲೂಕು ಕಚೇರಿಯ ಮೆಟ್ಟಿಲವರೆಗೆ ಬಿಟ್ಟರು; ಒಳಗೆ ನಾನೊಬ್ಬಳೇ ಹೋದೆ. ಹೊಸ ಗುಮಾಸ್ತ, ಎಳೆಯ ಮೀಸೆ. "ಏನಮ್ಮಾ, ಏನು ನಿಮ್ಮ ತಕರಾರು? ಬೇಗ ಹೇಳಿ," ಎಂದ.

ನಾನು ಅವನ ಎದುರಿನ ಬೆಂಚಿನ ಮೇಲೆ ಕೂತೆ. "ಬೇಗ ಆಗೋದಿಲ್ಲ," ಎಂದೆ. "ಕಾಗದ ಜಾಸ್ತಿ ತಗೊಳ್ಳಿ."