ಸರ್ವಾನುಮತದಿಂದ ಚಹಾ ರದ್ದು

ನಾನು ನಿಂತದ್ದು ಬಾಗಿಲ ಎಡಕ್ಕೆ, ಕಿಟಕಿಗೆ ಒರಗಿ. ಹರಿಹರ ತಾಲ್ಲೂಕಿನ ಒಂದು ಮಂಡಲ ಪಂಚಾಯ್ತಿ. ನಂದಿಗುಡಿ ಬಸ್ಸು ಹತ್ತಿ ದಾರಿಯಲ್ಲಿ ಇಳಿಯಬೇಕು. ಮಂಡಲಗಳು ಬಂದ ಹೊಸತು, ಎಂಬತ್ತೇಳರ ಸುಮಾರು. ಮೊದಲ ಸಭೆ, ಮಧ್ಯಾಹ್ನ. ಕುರ್ಚಿ ಸದಸ್ಯರಿಗೇ ಸಾಲದು, ಹಾಗಾಗಿ ನಿಂತೇ ನೋಡಿದೆ. (ದಾವಣಗೆರೆಯಿಂದ ಹೋಗಿದ್ದು ‘ಅಧಿಕಾರ ಹಳ್ಳಿಗೆ ಬಂತು’ ಎಂದು ಪತ್ರಿಕೆಗೆ ಬರೆಯಲು.)

ಮೊದಲ ವಿಷಯ, ಹರಿಜನ ಕೇರಿಗೆ ಬೋರ್‌ವೆಲ್. ಕೇಳಿದವರು ಆ ಕೇರಿಯಿಂದ ಮೀಸಲು ಸ್ಥಾನದಲ್ಲಿ ಗೆದ್ದ ಹನುಮಂತಪ್ಪ. ಜಗಳವಾಗಬಹುದು ಅಂದುಕೊಂಡಿದ್ದೆ. ಆಗಲಿಲ್ಲ.

“ಹಾಕ್ಸಿಬಿಡ್ರಿ. ಇವ್ರು ನಮ್ಮ ಓಣಿ ನಲ್ಲಿಗೆ ಬರೋದಾದ್ರೂ ತಪ್ತೈತೆ,” ಎಂದರು ಸದಸ್ಯರೊಬ್ಬರು. ನಗು. ಪಾಸ್.

ಆಮೇಲೆ ಚಹಾ ಬಂತು. ತಂದವರು ಊರ ಹೋಟೆಲಿನ ಬಾಷಾ ಸಾಬರು. ಅವರ ಹೋಟೆಲಿನಲ್ಲಿ ಕೇರಿಯವರ ಗ್ಲಾಸುಗಳು ಬೇರೆ, ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಆ ದಿನ ಟ್ರೇಯಲ್ಲಿ ಎಲ್ಲವೂ ಒಂದೇ ಥರ. ಹನುಮಂತಪ್ಪ ಮೊದಲು ಒಂದನ್ನು ಎತ್ತಿಕೊಂಡರು. ಉಳಿದವರ ಕೈಗಳು ಅಲ್ಲಲ್ಲೇ ನಿಂತವು.

“ಯಾಕ್ರಿ ಗೌಡ್ರೇ, ಆರ್ತೈತೆ, ತಗೊಳ್ರಿ,” ಎಂದರು ಬಾಷಾ.

ಮಂಡಲದ ಅಧ್ಯಕ್ಷರಾದ ಪ್ರಧಾನರು ಗಂಟಲು ಸರಿಮಾಡಿಕೊಂಡರು. “ಅಲ್ರಿ, ಜನರ ದುಡ್ಡಾಗೆ ನಮಗೆ ಚಾ ಯಾಕ? ಇವತ್ತಿಂದ ಸಭೆಗೆ ಚಾ ಬ್ಯಾಡ. ಒಪ್ಪಿದೋರು ಕೈ ಎತ್ರಿ.”

ಬೋರ್‌ವೆಲ್ಲಿಗೂ ಅಷ್ಟು ಬೇಗ ಕೈ ಎದ್ದಿರಲಿಲ್ಲ.

“ಸರ್ವಾನುಮತ ಅಂತ ಬರ್ಕೊಳ್ಳಲೇನ್ರಿ?” ಎಂದು ಕಾರ್ಯದರ್ಶಿ ಕೇಳಿದರು.

“ನಾನು ಎತ್ತಿಲ್ಲಲ್ರಿ ಸಾಹೇಬ್ರೇ,” ಎಂದರು ಹನುಮಂತಪ್ಪ. “ಕೈಯಾಗೆ ಗ್ಲಾಸ್ ಐತೆ.”

ಅವರು ನಿಧಾನವಾಗಿ, ಪೂರ್ತಿ ಕುಡಿದರು. ಕಾರ್ಯದರ್ಶಿ ಸರ್ವಾನುಮತ ಎಂದೇ ಬರೆದುಕೊಂಡರು. ಉಳಿದ ಚಹಾ ಕೆನೆಗಟ್ಟಿತು. ಬಾಷಾ ಅದನ್ನು ಹೊರಗೆ ಚೆಲ್ಲಿದರು.

ಬೆಂಗಳೂರಿನಿಂದ ಹೊರಟ ಅಧಿಕಾರ ಹರಿಹರ ದಾಟಿ ಆ ಮೇಜಿನವರೆಗೂ ಬಂದಿತ್ತು, ಸುಳ್ಳಲ್ಲ. ಒಂದು ಬೋರ್‌ವೆಲ್ ಕೊಡುವಷ್ಟು ಬಂದಿತ್ತು. ಒಂದೇ ಟ್ರೇಯಿಂದ ಚಹಾ ಎತ್ತಿಕೊಳ್ಳುವುದಕ್ಕೆ ಯಾವ ಕಾಯ್ದೆ ಮಾಡಿ ಕಳಿಸಬೇಕು?

ಅದಾಗಿ ಎಷ್ಟೋ ವರ್ಷ. ಹನುಮಂತಪ್ಪ ಕಳೆದ ತಿಂಗಳು ತೀರಿಕೊಂಡರು. ಮೊನ್ನೆ ದಾವಣಗೆರೆಯ ಮಂಡಿಪೇಟೆಯಲ್ಲಿ ಅಂದಿನ ಪ್ರಧಾನರು ಸಿಕ್ಕರು. ಆ ದಿನದ ಬಗ್ಗೆ ಕೇಳಿದೆ.

“ಅಂಥದ್ದೇನೂ ನಡೆದಿಲ್ಲ ಬಿಡ್ರಿ. ಉಳಿತಾಯಕ್ಕೆ ಮಾಡಿದ್ದು. ಯಾರು ನೋಡ್ಯಾರೆ?”

ನೋಡಿದವರು ಇನ್ನೂ ಇದ್ದೇವೆ. ಕಿಟಕಿಯ ಬಳಿ ನಿಂತಿದ್ದ ನಾನು. ಟ್ರೇ ಹಿಡಿದಿದ್ದ ಬಾಷಾ ಸಾಬರು. ಕೈ ಎತ್ತಿದ್ದ ಅಷ್ಟೂ ಮಂದಿ.