ಮೀನಿಗೆ ನಾನಿಟ್ಟ ಮುಹೂರ್ತ

ಶ್ರಾವಣ ಸೋಮವಾರದ ಪೂಜೆ ಮುಗಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದಾಗ ಮಗಳ ಫೋನು ಬಂತು. ಕೈಯೆಲ್ಲ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿದೆ. ಝರಾಸಂಗಂ ಹತ್ತಿರದ ನಮ್ಮ ಹೊಲದ ಹೊಂಡದಲ್ಲಿ ಅವಳು ಮೀನು ಸಾಕಿದ್ದಳು. ಅಂದು ಮಾರಾಟಕ್ಕೆ ಮೊದಲ ಬಲೆ. ಲಿಂಗ ಕಟ್ಟಿದ ಮನೆಯಲ್ಲಿ ಮೀನಿನ ದಂಧೆಯೇ ಎಂದು ನಮ್ಮ ಮನೆಯವರು ಮುನಿಸಿಕೊಂಡಿದ್ದರು. ಈ ಬಲೆ ಕೆಟ್ಟರೆ ಹೊಂಡ ಮುಚ್ಚಿಸುತ್ತೇನೆ ಎಂದೂ ಹೇಳಿದ್ದರು. ನಾನು ಮಾತ್ರ ಮಗಳ ಕಡೆ. ಬಲೆ ಹಾಕುವ ಮುಹೂರ್ತ ನಾನೇ ಇಟ್ಟುಕೊಟ್ಟಿದ್ದೆ. ಶಿವನ ವಾರಕ್ಕಿಂತ ಒಳ್ಳೆಯ ವಾರ ಯಾವುದಿದೆ?

“ಯವ್ವಾ, ಬಲೆ ತುಂಬ ಮೀನು ಬಿದ್ದಾವ. ಆದ್ರ ಜಹೀರಾಬಾದಿನ ವ್ಯಾಪಾರಿ ಬರಂಗಿಲ್ಲಂತ!”

“ಯಾಕಂತ?”

“ಶ್ರಾವಣ ಸೋಮವಾರ ಮೀನು ಯಾರು ತಿಂತಾರ, ಈ ಮುಹೂರ್ತ ಇಟ್ಟ ಪುಣ್ಯಾತ್ಮರು ಯಾರು ಅಂತ ನಗಾಕತ್ಯಾನ.”

ವರ್ಷಪೂರ್ತಿ ತಿನ್ನದ ನಮಗೆ, ತಿನ್ನುವವರಿಗೂ ತಿನ್ನದ ವಾರವಿರುತ್ತದೆ ಎಂದು ಹೊಳೆದೇ ಇರಲಿಲ್ಲ.

“ಮೀನು ಸತ್ತವೇನ?”

“ಇಲ್ಲವ್ವ, ಬಲೆ ಇನ್ನೂ ನೀರಾಗೇ ಅದ. ಬಲೆ ಎಳಿಯೋ ಕಾಕಾ ತಿರುಗಿ ಹೊಂಡಕ್ಕ ಬಿಡಾಕತ್ಯಾನ. ಬುಧವಾರ ವ್ಯಾಪಾರಿ ಬರ್ತಾನಂತ.”

ಶಿವ ದೊಡ್ಡವನು. ಮೀನನ್ನು ನೀರಿನಿಂದ ಎತ್ತುವ ಮೊದಲೇ ವ್ಯಾಪಾರಿಗೆ ಫೋನು ಮಾಡುವ ಬುದ್ಧಿಯನ್ನು ಅವಳಿಗೆ ಕೊಟ್ಟಿದ್ದ.

ಪಡಸಾಲೆಯಲ್ಲಿ ಕೂತು ಎಲ್ಲ ಕೇಳಿಸಿಕೊಂಡ ನಮ್ಮ ಮನೆಯವರು ಬಹಳ ದಿನಗಳ ಮೇಲೆ ನಕ್ಕರು. “ನಿನ್ನ ಪೂಜಾ ಮೀನಿಗೆ ಮುಟ್ಟ್ಯದ ನೋಡು! ಬುಧವಾರ ನಾನೇ ಹೋಗಿ ಹೊಂಡದ ಮ್ಯಾಲ ನಿಂದರ್ತೀನಿ. ನೀ ಮಾತ್ರ ಇನ್ನ ಮುಹೂರ್ತ ಇಡಬ್ಯಾಡ.”

“ಆತು ಬಿಡ್ರಿ,” ಎಂದೆ.

ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಕಪ್ಪಾಗಿತ್ತು. ಅದನ್ನು ಅವರ ತಾಟಿಗೇ ಹಾಕಿ, ಮತ್ತೊಂದಕ್ಕೆ ಹಿಟ್ಟು ನಾದತೊಡಗಿದೆ.